ಗೆಳತಿಗೆ ಹೇಳಬೇಕಾದ ಸುದ್ದಿ

ಅಣ್ಣ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಹೊಸ ಶೆಡ್ ಕಟ್ಟಿಸಿದ್ದ. ಅದರ ಪೂಜೆಗೆಂದು ನಾನು ದಾರ್ ಎಸ್ ಸಲಾಮ್‌ನಿಂದ ಬಂದಿದ್ದೆ. ಜೊತೆಗೆ ಅಲ್ಲಿಯವಳೇ ಆದ, ನಮ್ಮ ಕಂಪನಿಯಲ್ಲೇ ದುಡಿಯುವ ನನ್ನ ಗೆಳತಿಯೂ ಬಂದಿದ್ದಳು. ಅಯ್ಯನವರು ಸಾಲಾಗಿ ನಿಲ್ಲಿಸಿದ್ದ ಹೊಲಿಗೆ ಮಿಷನ್ನುಗಳಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಇನ್ನೇನು ಕಾಯಿ ಒಡೆಯಬೇಕು ಅನ್ನುವಾಗ ನನ್ನ ಫೋನು ಬಡಕೊಂಡಿತು. ನಮ್ಮ ಕಂಪನಿಯ ಅಧ್ಯಕ್ಷರದ್ದು. ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಸಿಮೆಂಟಿನ ತೊಟ್ಟಿಯ ಪಕ್ಕ ನಿಂತು ಮಾತಾಡಿದೆ.

"ನಿನ್ನೆ ಆಡಳಿತ ಮಂಡಳಿ ಸೇರಿತ್ತು. ಮುಂದಿನ ಎಂ.ಡಿ. ನೀವೇ ಆಗಬೇಕು ಅಂತ ಎಲ್ಲರೂ ಒಪ್ಪಿದ್ದಾರೆ. ಸೋಮವಾರದೊಳಗೆ ನಿಮ್ಮ ಒಪ್ಪಿಗೆ ತಿಳಿಸಿ" ಎಂದರು.

ನನಗೆ ಮೊದಲು ಆದದ್ದು ಸಂತೋಷವೇ. ಮೈ ಬೆಚ್ಚಗಾಯಿತು, ಕಿವಿ ಬಿಸಿಯಾಯಿತು. ತಿರುಗಿ ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಗೆಳತಿ ಕಾಣಿಸಿದಳು. ಅತ್ತಿಗೆ ತನ್ನ ಮೊಳಕಾಲ್ಮೂರು ಸೀರೆಯನ್ನು ಅವಳಿಗೆ ಉಡಿಸಿದ್ದಳು. ಅವಳ ಎತ್ತರಕ್ಕೆ ಸೀರೆ ಒಂದಿಷ್ಟು ಮೇಲೇ ನಿಂತಿತ್ತು. ಟೈಲರುಗಳ ಹೆಂಡಂದಿರ ನಡುವೆ ಕೂತು, ಒಬ್ಬಾಕೆ ಮುಡಿಸುತ್ತಿದ್ದ ಕನಕಾಂಬರಕ್ಕೆ ತಲೆ ಬಗ್ಗಿಸಿ ಕೊಟ್ಟಿದ್ದಳು. ಆ ಕುರ್ಚಿ ಅವಳಿಗೇ ಸಿಗುತ್ತದೆಂದು ನಮ್ಮ ಕಂಪನಿಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಅಪ್ಪ ಬಂದವರಿಗೆಲ್ಲ, "ಬರ್ರಿ ಬರ್ರಿ, ಊಟ ಮಾಡ್ಕೆಂಡೇ ಹೋಗ್ಬೇಕ್ರಿ" ಎಂದು ಕೈ ಹಿಡಿದು ಒಳಗೆ ಕಳಿಸುತ್ತಿದ್ದವರು ನನ್ನನ್ನು ನೋಡಿ ನಿಂತರು.

"ಯಾಕವ್ವ, ಯಾರ ಫೋನು? ಮಾರಿ ಯಾಕ ಹಂಗಾತು?"

"ಕಂಪ್ನಿದಪ್ಪ. ಆಮ್ಯಾಲ ಹೇಳ್ತೀನಿ."

ಅಂದು ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ನಾನು ಆಫ್ರಿಕಾಕ್ಕೆ ಹೋದದ್ದು ಮದುವೆಯಾಗಿ. ಗಂಡ ದಾರ್ ಎಸ್ ಸಲಾಮ್‌ನ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ., ಅನಂತಪುರದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವಳು. ಕೆಲವು ತಿಂಗಳು ಬಾಡಿಗೆ ಮನೆಯ ಕಿಟಕಿಯಿಂದ ರಸ್ತೆ ನೋಡುತ್ತ ಕೂತೆ. ಆಮೇಲೆ ಪಕ್ಕದ ಮನೆಯವರ ಮಾತಿನ ಮೇಲೆ ಊರಾಚೆಯ ಸೋಡಾ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಸಿಕ್ಕಿತು. ಪಾಕದಲ್ಲಿ ಸಕ್ಕರೆ ಎಷ್ಟಿದೆ, ಬಾಟಲಿಯಲ್ಲಿ ಗ್ಯಾಸ್ ಎಷ್ಟಿದೆ, ಮುಚ್ಚಳ ಗಟ್ಟಿ ಕೂತಿದೆಯೇ ಅಂತ ನೋಡುವುದು ನನ್ನ ಕೆಲಸ.

ಗೆಳತಿ ಆಗ ಬಾಟಲಿ ತುಂಬುವ ವಿಭಾಗದ ಮೇಲ್ವಿಚಾರಕಿ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಸಮುದ್ರ ದಂಡೆಯ ಮೀನುಗಾರರ ಮಗಳು. ಬಾಟಲಿಗಳ ಗಲಗಲ ಸದ್ದಿನಲ್ಲಿ ಒಂದೊಂದು ಸಾಮಾನನ್ನೂ ಎತ್ತಿ ಹಿಡಿದು, ಅದರ ಸ್ವಾಹಿಲಿ ಹೆಸರನ್ನು ಕೂಗಿ ಹೇಳುತ್ತಿದ್ದಳು. ನಾನು ಕೂಗಿ ಮರುನುಡಿಯಬೇಕು. ತಪ್ಪಿದರೆ ಇಡೀ ಸಾಲು ನಗುತ್ತಿತ್ತು. ನನಗೆ ಅದು ಕಷ್ಟವೆನಿಸಲಿಲ್ಲ. ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಮನೆಯೊಳಗೆ ಕನ್ನಡ, ಶಾಲೆ ಕಚೇರಿಗಳಲ್ಲಿ ತೆಲುಗು, ಅಪ್ಪನ ಬಟ್ಟೆ ಅಂಗಡಿಗೆ ಬರುವ ಟೈಲರುಗಳ ಜೊತೆ ಉರ್ದು ಆಡಿಕೊಂಡು ಬೆಳೆದವಳು ನಾನು. ಭಾಷೆ ಬರುವುದಿಲ್ಲವೆಂದು ಮಾತು ನಿಲ್ಲಿಸಬೇಕು ಅನ್ನುವುದೇ ನಮ್ಮೂರಿನವರಿಗೆ ಹೊಳೆಯುವುದಿಲ್ಲ. ಅಂಗಡಿಗೆ ಅವರು 'ಡುಕಾ' ಅನ್ನುತ್ತಾರೆ ಎಂದು ತಿಳಿದ ದಿನ, ನಮ್ಮ ಟೈಲರುಗಳ ದುಕಾನು ಹಡಗು ಹತ್ತಿ ಇಲ್ಲಿಗೂ ಬಂದಿದೆಯಲ್ಲ ಎಂದು ಒಬ್ಬಳೇ ನಕ್ಕಿದ್ದೆ. ಅಕ್ಕನಿಗೆ ಅವರ ಭಾಷೆಯಲ್ಲಿ 'ದಾದಾ'. ನಾನು ಅವಳನ್ನು ಹಾಗೇ ಕರೆಯುತ್ತ ಬಂದೆ.

ಆ ಊರಿನ ಬೀದಿಗಳಲ್ಲಿ ಹುಣಸೆಹಣ್ಣಿನ ಪಾನಕವನ್ನು ಮಂಜುಗಡ್ಡೆ ಹಾಕಿ ಮಾರುತ್ತಾರೆ. ಹಣ್ಣಿಗೂ ಪಾನಕಕ್ಕೂ ಉಕ್ವಾಜು ಅನ್ನುತ್ತಾರೆ. ಅದನ್ನು ನಮ್ಮ ಕಾರ್ಖಾನೆಯಲ್ಲಿ ಬಾಟಲಿಗೆ ತುಂಬಿ ಮಾರಬೇಕೆಂದು ಮೊದಲು ಹೇಳಿದವಳು ದಾದಾ. ಆಗಿನ ಸಾಹೇಬರುಗಳು ಕಿವಿಗೊಡಲಿಲ್ಲ. ನಾವಿಬ್ಬರೂ ಬಿಡುವಿದ್ದಾಗ ಲ್ಯಾಬಿನಲ್ಲಿ ಮಾಡಿ ನೋಡಿದೆವು. ಮೊದಲು ತಿರುಳೆಲ್ಲ ತಳಕ್ಕಿಳಿದು ಮೇಲೆ ಬರೀ ನೀರು ನಿಂತಿತು. ಇನ್ನೊಂದು ಸಲ ಹುದುಗು ಬಂದು ಮುಚ್ಚಳ ಹಾರಿ, ಚಾವಣಿಯವರೆಗೂ ಕಂದು ಕಲೆಯಾಯಿತು. ಎಷ್ಟು ಬಿಸಿ ಮಾಡಬೇಕು, ಯಾವ ಜಾಲರಿಯಲ್ಲಿ ಸೋಸಬೇಕು ಅನ್ನುವುದು ಕೈಗೆ ಹತ್ತುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಮಾರಾಟಕ್ಕೆ ಇಳಿದಾಗ ಅವಳೇ ಲಾರಿ ಹತ್ತಿ ಹಳ್ಳಿಹಳ್ಳಿಯ ಅಂಗಡಿಗಳಿಗೆ ಹೋದಳು. ಆ ಪಾನೀಯ ನಮ್ಮ ಕಂಪನಿಯ ಹಣೆಬರಹವನ್ನೇ ಬದಲಿಸಿತು. ನೆರೆಯ ದೇಶಗಳಲ್ಲೂ ಕಾರ್ಖಾನೆಗಳಾದವು. ಪೂರ್ವ ಆಫ್ರಿಕಾದ ದೊಡ್ಡ ಪಾನೀಯ ಕಂಪನಿಗಳನ್ನು ಹೆಸರಿಸುವಾಗ ಈಗ ನಮ್ಮದನ್ನೂ ಹೆಸರಿಸುತ್ತಾರೆ. ನಾನು ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾದೆ, ಆಮೇಲೆ ಎಲ್ಲ ಕಾರ್ಖಾನೆಗಳೂ ನನ್ನ ಕೈಗೆ ಬಂದವು. ಮಾರಾಟವೆಲ್ಲ ಅವಳ ಕೈಯಲ್ಲಿತ್ತು. ಹಳೆಯ ಎಂ.ಡಿ. ನಿವೃತ್ತರಾಗುತ್ತಾರೆಂದು ಗೊತ್ತಾದಾಗ ನಾನೇ ಅವಳಿಗೆ, "ಆ ಕುರ್ಚೀಲಿ ಕೂತಮೇಲೆ ನನ್ನ ರಜಾ ಚೀಟಿಗೆ ಕಣ್ಣುಮುಚ್ಚಿ ಸಹಿ ಹಾಕಬೇಕು ಮತ್ತೆ" ಎಂದು ತಮಾಷೆ ಮಾಡಿದ್ದೆ.

ಪೂಜೆಯ ಮರುದಿನ ಅಗಳಿಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಮಡಕಶಿರಾ ಹತ್ತಿರದ ಅಗಳಿ ನಮ್ಮವ್ವನ ತವರು. ಅವ್ವ ರಾಯದುರ್ಗಕ್ಕೆ ಸೊಸೆಯಾಗಿ ಬಂದು ಎಷ್ಟು ಕಾಲವಾದರೂ ಅವಳ ನಾಲಗೆ ಆ ಕಡೆಯದೇ. ತಾನು ಹುಟ್ಟಿದ ಮನೆಯನ್ನು ಗೆಳತಿಗೆ ತೋರಿಸಬೇಕೆಂದು ಅವಳಿಗೆ ಆಸೆ. ಅಣ್ಣ ಕಾರು ತೆಗೆದ. ನಾನು, ಅವ್ವ, ದಾದಾ ಮೂವರೂ ಹಿಂದೆ ಕೂತೆವು.

ಕಲ್ಯಾಣದುರ್ಗ ದಾಟಿ ಪಾವಗಡದ ಕಡೆ ಹೊರಟಮೇಲೆ ರಸ್ತೆಬದಿಯ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿದವು. ಪಾವಗಡ ಹಿಂದೆ ಬಿದ್ದು ಮಡಕಶಿರಾ ಹತ್ತಿರವಾಗುತ್ತಿದ್ದಂತೆ ಮತ್ತೆ ತೆಲುಗಾದವು. ಅಕ್ಷರ ಬೇರೆಯಾದದ್ದನ್ನು ಗೆಳತಿ ಗಮನಿಸಿ, ಯಾಕೆಂದು ಕೇಳಿದಳು. ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಮೊದಲಿನದಕ್ಕೇ ಬಂದೆವು ಎಂದೆ.

"ಯಾರೂ ಕಾಗದ ಪತ್ರ ಕೇಳಲೇ ಇಲ್ಲವಲ್ಲ?"

"ಇಲ್ಲಿ ಯಾರೂ ಕೇಳಲ್ಲ."

ಅವಳು ನನ್ನ ಕಡೆ ನೋಡಿ ನಕ್ಕಳು. ಅವಳ ದೇಶದಲ್ಲಿ ನನ್ನ ವಾಸದ ಪರವಾನಗಿಯ ಅವಧಿ ಮುಗಿಯುವಾಗಲೆಲ್ಲ ನಾನು ಎಷ್ಟು ಕಂಗಾಲಾಗುತ್ತಿದ್ದೆ ಅನ್ನುವುದನ್ನು ಅವಳು ಬಲ್ಲಳು. ಆ ಕಚೇರಿಗಳ ಬೆಂಚಿನ ಮೇಲೆ ಎಷ್ಟೋ ಸಲ ನನ್ನ ಪಕ್ಕ ಕೂತವಳು ಅವಳೇ.

ನಾನು ನಗಲಾರದೆ ಹೋದೆ. ಅವ್ವ ಅದನ್ನು ನೋಡಿದಳು.

"ಅದ್ಯಾಕ್ ಮಗಾ ಮಕ ಇಂಗ್ ಮಾಡ್ಕೊಂಡಿದೀಯ? ನೆನ್ನೆಯಿಂದ ನೋಡ್ತಾ ಇವ್ನಿ."

ಗೆಳತಿಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದ ಮೇಲೆ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅಧ್ಯಕ್ಷರು ಫೋನ್ ಮಾಡಿದ್ದು, ನನ್ನನ್ನು ಎಂ.ಡಿ. ಮಾಡುತ್ತಾರೆನ್ನುವುದು, ಅದು ಇವಳಿಗೆ ಸಿಗಬೇಕಾಗಿದ್ದ ಜಾಗ ಅನ್ನುವುದು. ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಕಾರು ನಿಧಾನ ಮಾಡಿದ. ಅವ್ವನ ಮುಖ ಅರಳಿತು. ಆಮೇಲೆ ಗೆಳತಿಯ ಕಡೆ ನೋಡಿ ದನಿ ತಗ್ಗಿಸಿದಳು.

"ಅವ್ಳಿಗೆ ಸಿಗ್ಬೇಕಾಗಿದ್ದು ನಿಂಗೆ ಸಿಕ್ಕೈತೆ ಅಂತೀಯ. ಅಂಗಾದ್ರೆ ಮೊದ್ಲು ಅವ್ಳಿಗೆ ಹೇಳ್ಬೇಕಾಗಿತ್ತು. ನಂಗ್ಯಾಕೆ ಹೇಳ್ತಾ ಕುಂತಿದೀಯ?"

ಗೆಳತಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಗಳಿಯಲ್ಲಿ ಸೋದರಮಾವನ ಮನೆ ಮುಂದೆ ಹುಣಸೆಹಣ್ಣಿನ ರಾಶಿ ಬಿದ್ದಿತ್ತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಅತ್ತೆ ಮತ್ತು ಕೇರಿಯ ಹೆಂಗಸರು ನೆರಳಲ್ಲಿ ಕೂತು ಓಡು ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯುತ್ತಿದ್ದರು. ಕಾರಿನಿಂದ ಇಳಿದವಳೇ ಗೆಳತಿ ಅವರ ಪಕ್ಕ ಕೂತು ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಕಣ್ಣು ಚಿಕ್ಕದಾಯಿತು.

"ಉಕ್ವಾಜು!" ಎಂದಳು.

"ಏನಂದ್ಲು?" ಎಂದು ಅತ್ತೆ ಕೇಳಿದಳು.

"ಅವರ ಕಡೆ ಹುಣಸೆಹಣ್ಣಿಗೆ ಅಂಗಂತಾರಂತೆ" ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಆ ಹೆಂಗಸರು ಒಬ್ಬೊಬ್ಬರಾಗಿ ಆ ಹೆಸರನ್ನು ಹೇಳಿ ನೋಡಿದರು. ಯಾರ ಬಾಯಲ್ಲೂ ಅದು ಸರಿಯಾಗಿ ಕೂರಲಿಲ್ಲ. ಗೆಳತಿ ಒಬ್ಬೊಬ್ಬರನ್ನೂ ತಿದ್ದಿದಳು. ಹಿಂದೆ ನನ್ನನ್ನು ತಿದ್ದಿದ ಹಾಗೇ, ದನಿ ಎತ್ತರಿಸಿ.

ಊಟಕ್ಕೆ ಮುದ್ದೆ, ಹುಳ್ಳಿಕಾಳಿನ ಸಾರು. ಅವರ ಕಡೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಉಗಾಲಿ ಅಂತ ಮುದ್ದೆಯನ್ನೇ ಹೋಲುವ ಅಡುಗೆ ಮಾಡುತ್ತಾರಾದ್ದರಿಂದ ಅವಳಿಗೆ ತಿನ್ನುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಅತ್ತೆ ಇನ್ನೊಂದು ಮುದ್ದೆ ಇಟ್ಟಳು. ಬೇಡವೆನ್ನದೆ ಉಂಡಳು. ಕೈ ತೊಳೆದು ಬಂದು ನನ್ನ ಮೊಣಕೈ ಹಿಡಿದು ಮನೆ ಹಿಂದಿನ ಮರದ ಕಡೆ ನಡೆಸಿದಳು.

ನಾವು ಸ್ವಾಹಿಲಿಯಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾರಲ್ಲಿ ಎಂ.ಡಿ. ಅಂದೆ. ಅಧ್ಯಕ್ಷರ ಹೆಸರು ಹೇಳಿದೆ. ನನ್ನ ಹೆಸರೂ ಬಂತು. ಆಮೇಲೆ ನಿಮ್ಮಮ್ಮ ನನ್ನ ಮುಖವನ್ನೇ ನೋಡಿದರು. ಈಗ ನನಗೆ ತಿಳಿಯೋ ಭಾಷೆಯಲ್ಲಿ ಹೇಳು."

ಹೇಳಿದೆ. ಅವಳು ಮರಕ್ಕೆ ಒರಗಿ ನಿಂತಳು.

"ನೀನು ಬಂದಾಗ ಅಂಗಡಿಯಲ್ಲಿ ಉಪ್ಪು ಕೇಳೋಕೂ ನಿನಗೆ ಬರ್ತಿರಲಿಲ್ಲ" ಎಂದಳು. "ಆ ಪಾನೀಯ ಯಾರು ಯೋಚನೆ ಮಾಡಿದ್ದು?"

"ನೀನು. ಪ್ರತಿ ಮೀಟಿಂಗಿನಲ್ಲೂ ನಾನು ಅದನ್ನ ಹೇಳಿದೀನಿ."

"ನೀನು ಹೇಳಿದ್ದೀಯ. ಅವರು ಕೇಳಿಸಿಕೊಂಡಿಲ್ಲ." ಅವಳು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೋಡು, ನನಗೆ ಇಲ್ಲಿಂದ ಎದ್ದು ನಮ್ಮ ಮನೆಗೆ ಹೋಗೋಕೂ ಆಗಲ್ಲ. ನಿಮ್ಮತ್ತೆ ಮನೇಲಿ ಉಂಡು, ನಿಮ್ಮತ್ತಿಗೆ ಸೀರೆ ಉಟ್ಟು, ನಿನ್ನ ಮೇಲೆ ಹೇಗೆ ಕೂಗಾಡಲಿ?"

"ನಾನು ಬೇಡ ಅಂತ ಹೇಳಿಬಿಡ್ತೀನಿ ದಾದಾ."

ಆಗ ಅವಳಿಗೆ ನಿಜವಾಗಿ ಸಿಟ್ಟು ಬಂತು. "ನೀನು ಬೇಡ ಅಂದರೆ ನನ್ನನ್ನ ಕರೀತಾರೆ ಅಂದುಕೊಂಡಿದೀಯಾ? ನಮ್ಮಿಬ್ಬರನ್ನೂ ನೋಡದೇ ಇರೋ ಯಾವನನ್ನೋ ಹೊರಗಿನಿಂದ ತಂದು ಕೂರಿಸ್ತಾರೆ. ನನ್ನ ಹೆಸರಲ್ಲಿ ತ್ಯಾಗ ಮಾಡಬೇಡ."

ಹಾಗೆಂದವಳೇ ರಸ್ತೆಯ ಕಡೆ ನಡೆದಳು. ನಾನು ಹಿಂದೆ ಹೋಗಲು ನೋಡಿದೆ, ಅವ್ವ ತಡೆದಳು. ಬಸ್ಸು ನಿಲ್ಲುವ ಕಡೆಯ ಕಲ್ಲುಬೆಂಚಿನ ಮೇಲೆ ಗೆಳತಿ ಕೂತಳು. ಆಟೋದವನೊಬ್ಬ ಅವಳನ್ನು ತೆಲುಗಿನಲ್ಲಿ ಎಲ್ಲಿಗೆಂದು ಕೇಳಿ, ಅವಳು ಕೈಯಾಡಿಸಿದ ಮೇಲೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಅವ್ವ ಒಂದು ಚೊಂಬು ನೀರು ಹಿಡಿದುಕೊಂಡು ಹೋಗಿ ಅವಳ ಪಕ್ಕ ಕೂತಳು. ದೂರದಿಂದ ನೋಡುತ್ತಿದ್ದೆ. ಅವ್ವ ಕೈ ತಿರುಗಿಸುತ್ತ ಏನನ್ನೋ ಹೇಳುತ್ತಲೇ ಇದ್ದಳು. ಅವಳೂ ಏನೋ ಹೇಳಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಆಮೇಲೆ ಅವ್ವನನ್ನು, ಏನು ಮಾತಾಡಿದೆ ಎಂದು ಕೇಳಿದೆ.

"ಏನಿಲ್ಲ ಮಗಾ. ನಾನು ರಾಯದುರ್ಗಕ್ಕೆ ಹೋದ ಹೊಸ್ದಾಗಿ ನನ್ನ ಮಾತು ಕೇಳಿ ಅಂಗಡಿ ಮಂದಿ ನಗೋರು. ಬಾಯಿ ಮುಚ್ಕೊಂಡೇ ಇದ್ದೆ. ನಿಮ್ಮಜ್ಜಿ ಒಬ್ಬಳೇ ನಗ್ತಿರ್ಲಿಲ್ಲ, ಜೊತೇಲಿ ಕೂರಿಸ್ಕೊಂಡು ಮಾತಾಡ್ಸೋಳು. ನೀನೂ ನನ್ನ ಮಗಳಿಗೆ ಅಂಗೇ ಮಾಡ್ದೆ ತಾಯೀ ಅಂತ ಹೇಳ್ದೆ."

"ತಿಳೀತಾ ಅವಳಿಗೆ?"

"ತಿಳೀಲಿಲ್ಲ. ಆದ್ರೂ ಕೇಳುಸ್ಕೊಂಡ್ಲು."

ಗೆಳತಿ ತಾನೇ ಎದ್ದು ಬಂದಳು. ಮುಖ ತೊಳೆದಿದ್ದಳು. ಮೀಟಿಂಗಿನಲ್ಲಿ ಮಾತಾಡುವ ಹಾಗೆ ನೆಟ್ಟಗೆ ನಿಂತು, "ಒಪ್ಪಿಕೋ. ಆದರೆ ಸುಮ್ಮನೆ ಒಪ್ಪಿಕೋಬೇಡ. ಮಾರಾಟ, ಸಾಗಣೆ ಎರಡರಲ್ಲೂ ಕೊನೆಯ ಮಾತು ನನ್ನದಾಗಬೇಕು, ನಿನ್ನ ನಂತರದ ಸ್ಥಾನ ನನಗೆ ಬೇಕು. ನಿನ್ನ ಅವಧಿ ಮುಗಿದಮೇಲೆ ಆ ಕುರ್ಚಿಗೆ ನಮ್ಮ ದೇಶದವರೇ ಬರಬೇಕು. ಇದನ್ನ ಇಲ್ಲಿಂದಲೇ ಹೇಳು, ನನ್ನ ಮುಂದೆ" ಎಂದಳು.

ಮಾವನ ಮನೆಯ ಅಂಗಳದಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಹಣ್ಣು ಕುಟ್ಟುವ ಸದ್ದು ಅವರಿಗೂ ಕೇಳಿರಬೇಕು. ನಾನು ಹೇಳಿದ್ದನ್ನೆಲ್ಲ ಕೇಳಿ, "ಇದನ್ನು ಅವರೇ ನನಗೆ ಹೇಳಬಹುದಿತ್ತಲ್ಲ" ಎಂದರು.

"ನೀವೂ ಅವರಿಗೆ ಫೋನ್ ಮಾಡಬಹುದಿತ್ತಲ್ಲ ಸರ್" ಎಂದೆ. ನನ್ನ ಬಾಯಿಂದ ಆ ಮಾತು ಹೊರಟಿದ್ದಕ್ಕೆ ನನಗೇ ಭಯವಾಯಿತು. "ಹೌದು, ಮಾಡಬೇಕಾಗಿತ್ತು" ಎಂದರು. ಆಮೇಲೆ ಅವಳಿಗೆ ಫೋನ್ ಕೊಡಲು ಹೇಳಿದರು. ಅವಳು ಅದನ್ನು ತೆಗೆದುಕೊಂಡು ಮರದ ಕಡೆ ಹೋದಳು. ಅವರಿಬ್ಬರೂ ಆಡಿದ್ದನ್ನು ನಾನು ಕೇಳಲಿಲ್ಲ, ಅವಳು ಇವತ್ತಿಗೂ ಹೇಳಿಲ್ಲ.

ರಾಯದುರ್ಗಕ್ಕೆ ಮರಳಿದ ಮೇಲೆ ಅಪ್ಪನಿಗೆ ಹೇಳಿದೆ. ಇಷ್ಟಲಿಂಗ ಪೂಜೆ ಮುಗಿಸಿ ಕೂತಿದ್ದವರು ನನ್ನ ತಲೆ ಮುಟ್ಟಿ, ನೇರ ಗೆಳತಿಯ ಹತ್ತಿರ ಹೋಗಿ ಕೈಮುಗಿದರು. "ನಮ್ಮ ಹುಡುಗಿ ನಿಮ್ಮ ಊರಾಗ ದೊಡ್ಡಾಕಿ ಆಗ್ಯಾಳ್ರಿ. ನಿಮ್ಮನ್ನ ಬಿಟ್ಟು ಏನೂ ಮಾಡಬ್ಯಾಡಂತ ಹೇಳೀನ್ರಿ" ಎಂದರು. ನಾನು ಅದನ್ನು ಸ್ವಾಹಿಲಿಗೆ ತಿರುಗಿಸಿದೆ. ಅವಳು ಅಪ್ಪನ ಎರಡೂ ಕೈ ಹಿಡಿದುಕೊಂಡಳು. ಆದರೆ ನನ್ನ ಕಡೆ ನೋಡಲಿಲ್ಲ.

ಮಂಡಳಿಯವರು ಅವಳ ಸ್ಥಾನಕ್ಕೆ ಒಪ್ಪಿದರು. ಮುಂದಿನ ಕುರ್ಚಿಯ ವಿಚಾರ ಪರಿಶೀಲಿಸೋಣ ಎಂದರು. ನಾನು ಅಧಿಕಾರ ವಹಿಸಿಕೊಂಡೆ. ದೊಡ್ಡ ಕೋಣೆ, ಸಮುದ್ರ ಕಾಣುವ ಕಿಟಕಿ. ಮೊದಲ ವಾರವೇ ಒಂದು ವಿಷಯ ಗಮನಕ್ಕೆ ಬಂತು. ಗೆಳತಿ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಿದ್ದಳು. ಕೆಲಸದಲ್ಲಿ ಒಂದಿಷ್ಟೂ ಕೊರತೆಯಿಲ್ಲ, ಮರ್ಯಾದೆಗೂ ಕಡಿಮೆಯಿಲ್ಲ. ಸ್ವಾಹಿಲಿಯನ್ನು ಮಾತ್ರ ನನ್ನಿಂದ ಹಿಂದಕ್ಕೆ ತೆಗೆದುಕೊಂಡುಬಿಟ್ಟಿದ್ದಳು. ಮನೆಗೆ ಬಂದು ಗಂಡನ ಮುಂದೆ ಅತ್ತಿದ್ದೇನೆ. "ಅವಳು ಬಿಟ್ಟು ಹೋಗಿಲ್ಲ ತಾನೆ? ಕಾಯು" ಎಂದರು ಅವರು.

ಕಾದೆ. ಕಾಯುತ್ತ ನನ್ನ ಕೆಲಸ ಮಾಡಿದೆ. ಬಾಟಲಿ ಸಾಲಿನಲ್ಲಿ ದುಡಿಯುವವರಿಗೆ ಲ್ಯಾಬಿನ ತರಬೇತಿ ಶುರುಮಾಡಿದೆ. ಅಲ್ಲಿನ ಹಳ್ಳಿಗಳ ಹುಣಸೆ ಬೆಳೆಗಾರರಿಂದ ನೇರ ಕೊಳ್ಳುವ ವ್ಯವಸ್ಥೆ ತಂದೆವು. ಕಾರ್ಖಾನೆಯ ಮುಂಬಾಗಿಲಲ್ಲಿ ಆ ಪಾನೀಯದ ಕಥೆ ಬರೆದು ಹಾಕುವಾಗ, ಅದು ಹುಟ್ಟಿದ್ದು ಬಾಟಲಿ ತುಂಬುವ ವಿಭಾಗದಲ್ಲಿ ಎಂದು ಬರೆಸಿದೆ. ಅದರ ಕೆಳಗೆ ದಾದಾಳ ಹೆಸರನ್ನೂ ಹಾಕಿಸಿದೆ. ಅವಳು ಅದನ್ನು ಓದಿ ಒಳಗೆ ನಡೆದಳು.

ಎರಡನೆಯ ವರ್ಷದ ದೊಡ್ಡ ಮಳೆಯಲ್ಲಿ ದಕ್ಷಿಣದ ರಸ್ತೆಯೊಂದು ಕೊಚ್ಚಿಹೋಗಿ ನಮ್ಮ ಲಾರಿಗಳೆಲ್ಲ ಒಂದು ಗೋದಾಮಿನ ಹತ್ತಿರ ಸಿಕ್ಕಿಕೊಂಡವು. ಗೋದಾಮಿಗೆ ನೀರು ನುಗ್ಗುತ್ತಿತ್ತು. ನಾವಿಬ್ಬರೂ ಹೋದೆವು. ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿ ಕಟ್ಟಿ, ಎಲ್ಲರ ಜೊತೆ ಸಾಲುಗಟ್ಟಿ ಕ್ರೇಟುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ನನ್ನ ಕೈಯಲ್ಲಿದ್ದದ್ದು ಜಾರಿತು. "ಹಿಡಿ! ಕೆಳಗಿಂದ ಹಿಡಿ, ಎಷ್ಟು ಸಲ ಹೇಳಬೇಕು ನಿನಗೆ!" ಎಂದು ಅವಳು ಕೂಗಿದಳು. ಸ್ವಾಹಿಲಿಯಲ್ಲಿ. ನನಗೆ ನಗು ಬಂದು ಇಡೀ ಕ್ರೇಟನ್ನೇ ನೀರಿಗೆ ಬಿಟ್ಟೆ. ಅವಳು ನನ್ನನ್ನು ನೋಡಿದಳು, ತಾನೇನು ಮಾಡಿದೆನೆಂದು ಅವಳಿಗೂ ತಿಳಿಯಿತು. ತೊಡೆಮಟ್ಟದ ಕೆಸರು ನೀರಲ್ಲಿ ನಿಂತು ಇಬ್ಬರೂ ನಕ್ಕೆವು. ಲಾರಿಯ ಡ್ರೈವರುಗಳು ನಮಗೆ ಹುಚ್ಚು ಹಿಡಿದಿರಬೇಕು ಎಂದುಕೊಂಡರು. ಅದಾದ ಮೇಲೆ ನಮ್ಮ ನಡುವೆ ಇಂಗ್ಲಿಷು ಬರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ನನ್ನ ಅವಧಿ ಮುಗಿಯಿತು. ಮುಂದುವರಿಯಿರಿ ಎಂದು ಮಂಡಳಿಯವರು ಹೇಳಿದರು. ನಾನು ಅಗಳಿಯಿಂದ ಆಡಿದ ಮಾತನ್ನು ಅವರಿಗೆ ನೆನಪಿಸಿದೆ. ಹೊಸಬರೂ ಕೆಲವರು ಮಂಡಳಿಯಲ್ಲಿದ್ದರು, ಚರ್ಚೆ ಬಹಳ ಹೊತ್ತು ನಡೆಯಿತು. ಹೊರಗಿನ ಕೋಣೆಯಲ್ಲಿ ನಾವಿಬ್ಬರೂ ಚಹಾ ಕುಡಿಯುತ್ತ ಕಾದೆವು. ಒಳಗಿನಿಂದ ಕರೆದದ್ದು ಅವಳನ್ನು.

ನಾನೀಗ ಸಲಹೆಗಾರ್ತಿಯಾಗಿ ಉಳಿದಿದ್ದೇನೆ. ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ. ಅವಳು ಆ ಕೋಣೆಗೆ ಹೋಗಿ ಕೂತು ಮಾಡಿದ ಮೊದಲ ಕೆಲಸವೆಂದರೆ ನಾನು ಒಪ್ಪಿಗೆ ಕೊಟ್ಟಿದ್ದ ಅನಾನಸ್ ಪಾನೀಯವನ್ನು ರದ್ದು ಮಾಡಿದ್ದು. ಅದಕ್ಕಾಗಿ ನಾನು ಒಂದು ವರ್ಷ ದುಡಿದಿದ್ದೆ. ರಾಯದುರ್ಗದ ಮನೆಯಲ್ಲಿ ಅತ್ತಿಗೆ ಮಾಡಿಕೊಟ್ಟ ಮಂಡಕ್ಕಿ ಉಗ್ಗಾಣಿ ತಿನ್ನುತ್ತಿದ್ದಾಗ ಆ ಸುದ್ದಿ ಬಂತು. ತಟ್ಟೆ ಪಕ್ಕಕ್ಕಿಟ್ಟು ಅವಳಿಗೆ ಫೋನ್ ಹಚ್ಚಿ ಜಗಳವಾಡಿದೆ. ಅವಳು ಪೂರ್ತಿ ಕೇಳಿ, ನನ್ನ ಲೆಕ್ಕ ಎಲ್ಲಿ ತಪ್ಪಿದೆಯೆಂದು ಒಂದೊಂದಾಗಿ ಹೇಳಿದಳು. ಎರಡು ಕಡೆ ಅವಳದ್ದು ಸರಿಯಿತ್ತು. ಒಂದು ಕಡೆ ನನ್ನದೇ ಸರಿ ಎಂದು ಈಗಲೂ ಅನ್ನುತ್ತೇನೆ. ಮುಂದಿನ ತಿಂಗಳು ಹೋದಾಗ ಎದುರಿಗೆ ಕೂತು ಅದನ್ನು ಅವಳಿಗೆ ತೋರಿಸಿಕೊಡಬೇಕು.